ತಂಡದ ನಾಲ್ಕನೆಯವನು

ಬೆಳಿಗ್ಗೆಯಿಂದ ಎರಡು ಸಲ ಗಡ್ಡ ಹೆರೆದುಕೊಂಡಿದ್ದ ಅಂಜೋರ್ ಲೊಮಾಯಾ ಮೂರನೆಯ ಸಲ ಕನ್ನಡಿಯ ಮುಂದೆ ನಿಂತಿದ್ದ. ಈಗ ನಿಂತದ್ದು ಗಡ್ಡಕ್ಕಲ್ಲ, ತನ್ನ ಹೆಸರು ಕರೆದಾಗ ಮುಖ ಹೇಗಿರಬೇಕು ಎಂದು ನೋಡಿಕೊಳ್ಳುವುದಕ್ಕೆ. ತೀರ ಹಿಗ್ಗಿದಂತೆ ಕಾಣಕೂಡದು. ನಲವತ್ತು ವರ್ಷದಿಂದ ಇದಕ್ಕೇ ಬಾಯಿ ಬಿಟ್ಟುಕೊಂಡು ಕಾದಿದ್ದ ಎಂದು ಜನ ಅಂದುಕೊಂಡಾರು. ಬಿಗಿದುಕೊಂಡರೆ ಜಂಬ ಎನ್ನುತ್ತಾರೆ. ಕಣ್ಣು ಕೆಳಗಿಳಿಸಿ, ಬಲಗೈ ಎದೆಯ ಮೇಲಿಟ್ಟು ಒಂದಿಷ್ಟೇ ಬಾಗುವುದು ಸರಿ ಎನ್ನಿಸಿತು. ಇನ್ನೊಮ್ಮೆ ಬಾಗಿ ನೋಡಿದ. ಅರವತ್ತೈದು ದಾಟಿದ ಗಂಡಸು ಬಚ್ಚಲುಮನೆಯ ಮಂಕು ಬಲ್ಬಿನ ಕೆಳಗೆ ಬನಿಯನ್ನಿನಲ್ಲಿ ನಿಂತು ಯಾರಿಗೋ ಬಾಗುತ್ತಿದ್ದ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಇನ್ನೊಂದ್ಸಲ ಹೆರೆದ್ರೆ ಮೂಳೆನೇ ಸಿಗೋದು," ಎಂದು ಅಡುಗೆಮನೆಯಿಂದ ಅಕ್ಕ ಲಮಾರಾ ಕೂಗಿದಳು. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದು ಸೇರಿಕೊಂಡವಳು ಅವಳು. ಸೇರಿಕೊಂಡ ದಿನದಿಂದ ಅವನ ಬದುಕನ್ನು ಹುರುಳಿಕಾಯಿಯ ನಾರು ಸುಲಿದಂತೆ ಸುಲಿಯುತ್ತ ಕೂತಿದ್ದಾಳೆ.

"ಕ್ಲಬ್ಬಿನವರು ಊಟಕ್ಕೆ ಕರೆದಿದಾರೆ. ನಾಲ್ಕು ಜನರ ಮುಂದೆ ಹೋಗೋದು ಬೇಡ್ವಾ ನೀಟಾಗಿ?"

"ಆಡದೇ ಇದ್ದ ಆಟಕ್ಕೆ ಊಟ ಬೇರೆ ಹಾಕ್ತಾರಾ? ಹಾಗಾದ್ರೆ ನಾನೂ ಬರ್ತೀನಿ. ನಾನೂ ಆಡಿಲ್ಲ."

ಅವನು ನಗಲು ನೋಡಿದ. ನಗು ಬರಲಿಲ್ಲ. ಹೋದ ವಾರ ಕ್ಲಬ್ಬಿನಿಂದ ಹಳೆಯ ಪಟ್ಟಿಯೊಂದನ್ನು ಹಿಡಿದು ಫೋನ್ ಮಾಡಿದ್ದ ಹುಡುಗಿಯ ದನಿ ತುಂಬ ಚುರುಕಾಗಿತ್ತು. ಸೋವಿಯತ್ ಒಕ್ಕೂಟದ ಕಾಲದಲ್ಲಿ ದೇಶದ ತಂಡಕ್ಕೆ ಡೇವಿಸ್ ಕಪ್ ಆಡಿದ ತ್ಬಿಲಿಸಿಯವರನ್ನೆಲ್ಲ ಒಂದು ಮೇಜಿಗೆ ಸೇರಿಸುತ್ತಿದ್ದೇವೆ ಬಾತೋನೊ ಅಂಜೋರ್, ಗೆಲಾ ಅವರೇ ತಮಾದಾ ಆಗಿ ಮೇಜು ನಡೆಸಿ ಬಟ್ಟಲು ಎತ್ತಿಸುತ್ತಾರೆ, ನೀವೂ ಆಡಿದ್ರಲ್ವಾ, ಎಂದು ಕೇಳಿದ್ದಳು. ಅವನು 'ಹೂಂ' ಎಂದಿದ್ದ. ಆ 'ಹೂಂ' ಅಂದಿನಿಂದ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಪೂರ್ತಿ ಸುಳ್ಳಲ್ಲ ಅದು. ಎಪ್ಪತ್ತಾರನೆಯ ಇಸವಿಯಲ್ಲಿ ಅವನನ್ನು ತಂಡಕ್ಕೆ ಆರಿಸಿದ್ದರು. ನಾಲ್ಕನೆಯವನಾಗಿ. ಜೋಡಿ ಆಟಕ್ಕೆ ಅವನೇ ಇಳಿಯಬೇಕೆಂದು ತರಬೇತುದಾರ ಗೆಲಾ ತೀರ್ಮಾನಿಸಿಯೂ ಆಗಿತ್ತು. ಎದುರಾಳಿ ಚಿಲಿ. ಅಲ್ಲಿ ಸೈನ್ಯದವರು ಗದ್ದುಗೆ ಹಿಡಿದಿದ್ದಾರೆ, ಅಂಥವರ ಜೊತೆ ಆಡಕೂಡದು ಎಂದು ಮಾಸ್ಕೋದಿಂದ ಅಪ್ಪಣೆಯಾಯಿತು. ಆಟ ನಡೆಯಲಿಲ್ಲ. ಅದಕ್ಕಾಗಿ ಮರುವರ್ಷ ಒಕ್ಕೂಟದ ತಂಡವನ್ನೇ ಪಂದ್ಯಾವಳಿಯಿಂದ ಹೊರಗಿಟ್ಟರು. ಅದರ ಮರುವರ್ಷ ಅವನಿಗಿಂತ ಚಿಕ್ಕವರು ಬಂದರು. ಕೊನೆಗೆ ಒಕ್ಕೂಟವೇ ಇಲ್ಲವಾಯಿತು, ಇನ್ನು ಯಾರನ್ನು ಹೋಗಿ ಕೇಳುವುದು? ತಂಡದಲ್ಲಿ ಇದ್ದೆನೋ ಇಲ್ಲವೋ ಎಂಬುದನ್ನು ಹೇಳಬಲ್ಲವನು ಈ ಊರಲ್ಲಿ ಒಬ್ಬನೇ ಉಳಿದಿದ್ದ. ಅವನು ಗೆಲಾ. ಅವನ ಬಾಯಿಂದ, ತುಂಬಿದ ಮೇಜಿನೆದುರು, ಒಂದೇ ಒಂದು ಸಲ 'ನಮ್ಮ ಅಂಜೋರ್' ಎಂಬ ಮಾತು ಬಂದರೆ ಸಾಕಿತ್ತು. ಸಾಯುವ ಮುಂಚೆ ಅಷ್ಟು ಕೇಳಿಸಿಕೊಂಡರೆ ಉಳಿದದ್ದೆಲ್ಲ ಹಾಳಾಗಿ ಹೋಗಲಿ ಎಂದು ಅವನು ನಿಜವಾಗಿಯೂ ಅಂದುಕೊಂಡಿದ್ದ.

ಹೊರಡುವಾಗ ಲಮಾರಾ ಅವನ ಕೋಟಿನ ಹೆಗಲಿನಿಂದ ಏನನ್ನೋ ಕೊಡವಿದಳು. ಅಲ್ಲಿ ಏನೂ ಇರಲಿಲ್ಲ. "ಜಾಸ್ತಿ ಕುಡೀಬೇಡ," ಎಂದವಳು, ಬಾಗಿಲು ಹಾಕುವ ಮುಂಚೆ, "ಯಾರಾದ್ರೂ ಏನಾದ್ರೂ ಅಂದ್ರೆ ಎದ್ದು ಬಂದ್ಬಿಡು. ಹುರುಳಿಕಾಯಿ ಬೇಯಿಸಿಟ್ಟಿರ್ತೀನಿ," ಎಂದಳು. ಅಣಕದ ನಡುವೆ ಬಂದ ಈ ಮೃದು ಮಾತು ಅವನನ್ನು ಹೆಚ್ಚು ಕಂಗೆಡಿಸಿತು. ಅಕ್ಕನಿಗೂ ಏನೋ ವಾಸನೆ ಬಡಿದಿರಬೇಕು.

ಊರಂಚಿನ ಗ್ಲ್ದಾನಿಯ ತನ್ನ ಮನೆಯಿಂದ ಮೆಟ್ರೋ ಹಿಡಿದು, ಇಳಿದು, ವಾಕೆ ಬಡಾವಣೆಯ ಏರಿನಲ್ಲಿ ಪ್ಲೇನ್ ಮರಗಳ ಕೆಳಗೆ ನಡೆಯುತ್ತಿದ್ದಾಗ ಅಕ್ಟೋಬರಿನ ಎಲೆಗಳು ಬೂಟಿಗೆ ಸಿಕ್ಕಿ ಸದ್ದು ಮಾಡುತ್ತಿದ್ದವು. ಅಂಗೈ ಬೆವೆತಿತ್ತು. ಈ ಬೆವರು ಅವನಿಗೆ ಗೊತ್ತಿದ್ದದ್ದೇ. ಸೋಚಿಯ ಶಿಬಿರದಲ್ಲಿ ರ್‍ಯಾಕೆಟ್ಟಿನ ಹಿಡಿ ಇದೇ ಬೆವರಿಗೆ ಜಾರುತ್ತಿತ್ತು. ಮೊದಲನೇ ಸರ್ವ್ ಅವನದು ಸಿಡಿಲು. ಅದು ಒಳಗೆ ಬಿದ್ದರೆ ಎದುರಿನವನಿಗೆ ಬಾಯಿ ಬಿಡಲೂ ಪುರಸೊತ್ತಿರುತ್ತಿರಲಿಲ್ಲ. ಕಷ್ಟವಿದ್ದದ್ದು ಎರಡನೆಯದರಲ್ಲಿ. ಮೊದಲನೆಯದು ತಪ್ಪಿ, ಎರಡನೇ ಚೆಂಡನ್ನು ಮೇಲಕ್ಕೆ ಎಸೆದ ಗಳಿಗೆಯಲ್ಲಿ ಪ್ರಪಂಚವೆಲ್ಲ ಉಸಿರು ಬಿಗಿಹಿಡಿದು ಅವನೊಬ್ಬನನ್ನೇ ನೋಡುತ್ತಿದೆ ಎನ್ನಿಸಿ ಮೊಣಕೈ ಮರದ ಕೊರಡಾಗುತ್ತಿತ್ತು. ಚೆಂಡು ಹೋಗಿ ಬಲೆಯ ಬುಡದಲ್ಲಿ ಬೀಳುತ್ತಿತ್ತು. ಚಿಕ್ಕ ಪಂದ್ಯಗಳಲ್ಲಿ ಹೀಗಾಗುತ್ತಿರಲಿಲ್ಲ, ಹಾಗಾಗಿ ಯಾರಿಗೂ ತಿಳಿದಿರಲಿಲ್ಲ. ಆ ಶಿಬಿರದಲ್ಲಿ ಮಾತ್ರ, ಎಲ್ಲರೂ ಸಮುದ್ರಕ್ಕೆ ಹೋದ ಮಧ್ಯಾಹ್ನಗಳಲ್ಲಿ, ಅವನು ಒಬ್ಬನೇ ಅಂಗಣಕ್ಕೆ ಬಂದು ಬುಟ್ಟಿ ತುಂಬ ಚೆಂಡುಗಳನ್ನು ಬಲೆಗೆ ಹೊಡೆದು, ಹೆಕ್ಕಿ, ಮತ್ತೆ ಹೊಡೆಯುತ್ತಿದ್ದ. ಮದುವೆಯಾಗಿ ಹದಿನೈದು ವರ್ಷದ ಮೇಲೆ ಒಮ್ಮೆ ಹೆಂಡತಿ ನೇಲಿಗೆ ಇದನ್ನು ಹೇಳಲು ಹೊರಟಿದ್ದ. ಅವಳು ಸ್ವೆಟರ್ ಹೆಣೆಯುತ್ತಿದ್ದಳು. 'ಆಮೇಲೆ?' ಎಂದಳು. ಆಮೇಲೇನೂ ಇಲ್ಲ ಎಂದಿದ್ದ. ಬದಿಯಲ್ಲಿ ಒಂದು ಕಾರು ಜೋರಾಗಿ ಹಾರ್ನ್ ಹೊಡೆಯಿತು. ನೋಡಿದರೆ ರಸ್ತೆಯ ಮಧ್ಯದಲ್ಲಿ ನಿಂತಿದ್ದ.

ಕ್ಲಬ್ಬಿನ ಗೇಟಿನಲ್ಲಿ ಕಾವಲಿನ ಯುವಕ ಸೂರ್ಯಕಾಂತಿ ಬೀಜ ಅಗಿಯುತ್ತ ಕೂತಿದ್ದ.

"ಎಲ್ಲಿಗೆ ತಾತ?"

"ಊಟಕ್ಕೆ. ಹಳೇ ತಂಡದವರದು."

"ಯಾವ ತಂಡ?"

"ಒಕ್ಕೂಟದ ತಂಡ."

"ಯೂರೋಪ್ ಒಕ್ಕೂಟಾನಾ? ನಾವಿನ್ನೂ ಸೇರಿಲ್ವಲ್ಲ," ಎಂದು ಯುವಕ ಹುಬ್ಬೇರಿಸಿದ. ಅವನು ತಮಾಷೆ ಮಾಡುತ್ತಿರಲಿಲ್ಲ. ಅಂಜೋರ್ 'ಸೋವಿಯತ್' ಎಂದು ಮೆಲ್ಲಗೆ ಹೇಳಿದ, ಕೆಟ್ಟ ರೋಗದ ಹೆಸರು ಹೇಳುವವನ ಹಾಗೆ. "ಓ, ಅದಾ," ಎಂದು ಯುವಕ ಬೀಜದ ಸಿಪ್ಪೆ ಉಗಿದು, ನಮ್ಮಜ್ಜನನ್ನ ಸೈಬೀರಿಯಾಕ್ಕೆ ಕಳಿಸಿದವರಿಗೂ ಊಟವೇ ಎಂದೇನೋ ಗೊಣಗಿ, ಗೇಟು ತೆಗೆದ. ಅಂಜೋರನ ದೊಡ್ಡಪ್ಪನೂ ಹಾಗೆ ಹೋಗಿ ತಿರುಗಿ ಬಂದವನಲ್ಲ. ಅದನ್ನು ಹೇಳಬೇಕೆನ್ನಿಸಿತು. ಆದರೆ ಹೇಳಿ ಏನಾಗಬೇಕು? ಆ ದೇಶ ದೊಡ್ಡಪ್ಪನನ್ನು ನುಂಗಿತು, ಅಂಜೋರನಿಗೆ ತಂಡದ ಬಿಳಿಯ ಅಂಗಿ ಕೊಟ್ಟಿತು, ಮತ್ತೆ ಕಸಿದುಕೊಂಡಿತು, ಕೊನೆಗೆ ತಾನೇ ಹೋಯಿತು. ಹೋದ ಮೇಲೂ ತಾನು ಆ ಅಂಗಿಗೇ ಆಸೆಪಡುತ್ತಿದ್ದೇನಲ್ಲ ಎಂದು ಅವನಿಗೆ ಅಸಹ್ಯವಾಯಿತು. ಆಸೆ ಕಡಿಮೆಯಾಗಲಿಲ್ಲ.

ಅಂಗಣದ ಪಕ್ಕದ ಚಪ್ಪರದಡಿ ಉದ್ದ ಮೇಜು. ಬಾಗಿಲಲ್ಲೇ ಗೆಲಾ ನಿಂತು ಎಲ್ಲರನ್ನೂ ಬರಮಾಡಿಕೊಳ್ಳುತ್ತಿದ್ದ. ಎಂಬತ್ತನಾಲ್ಕು ವರ್ಷ, ನೆಟ್ಟಗಿನ ಬೆನ್ನು, ಎರಡೂ ಕಣ್ಣಿಗೆ ಹಾಲಿನ ಕೆನೆಯಂಥ ಪೊರೆ. ಅಂಜೋರನ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು, "ಬಾ ಕಂದ, ಬಾ, ಬಂದದ್ದು ಬಹಳ ಸಂತೋಷ," ಎಂದ. ಅಂಜೋರ್ ಹೆಸರು ಬರಲೆಂದು ಕೈಯನ್ನು ಬಿಡದೆ ನಿಂತ. ಹಿಂದೆ ಬಂದವನಿಗೂ ಗೆಲಾ 'ಬಾ ಕಂದ, ಬಂದದ್ದು ಬಹಳ ಸಂತೋಷ' ಎಂದದ್ದು ಕೇಳಿಸಿತು. ಆಗಲಿ, ಮೇಜಿಗೆ ಕೂತ ಮೇಲೆ ಹೆಸರು ಬಂದೇ ಬರುತ್ತದೆ. ಗೆಲಾನ ನೆನಪು ಊರಿಗೆಲ್ಲ ಹೆಸರಾದದ್ದು. ನಲವತ್ತು ವರ್ಷ ತಮಾದಾ ಆಗಿ ಕೂತ ಮೇಜುಗಳಲ್ಲಿ ಬದುಕಿದವರನ್ನಾಗಲಿ ಸತ್ತವರನ್ನಾಗಲಿ ಒಬ್ಬರನ್ನೂ ಬಿಟ್ಟವನಲ್ಲ.

ಮೇಜಿನ ಮೇಲ್ತುದಿಯಲ್ಲಿ ಮೂವರು ಹಳೆಯ ಆಟಗಾರರನ್ನು ಕೂರಿಸಿದ್ದರು. ಒಬ್ಬ ಅರವತ್ತರ ದಶಕದವನು, ಇಬ್ಬರು ಎಂಬತ್ತರವರು. ಅಂಜೋರನ ಕಾಲದವರು ಯಾರೂ ಇರಲಿಲ್ಲ: ಇಬ್ಬರು ಮಣ್ಣಾಗಿದ್ದರು, ಇನ್ನೊಬ್ಬ ಹೈಫಾದಲ್ಲಿ ಮಗಳ ಮನೆಯಲ್ಲಿದ್ದ. ಫೋನ್ ಮಾಡಿದ್ದ ಹುಡುಗಿ ಅತ್ತಿತ್ತ ಓಡಾಡುತ್ತ, ಹೆಸರೂ ಕೇಳದೆ, 'ಎಲ್ಲಾದ್ರೂ ಕೂತ್ಕೊಳ್ಳಿ ಬಾತೋನೊ' ಎಂದು ಅವನಿಗೆ ಕೆಳತುದಿಯನ್ನು ತೋರಿಸಿದಳು. ಅಲ್ಲಿ ಕ್ಲಬ್ಬಿನ ಲೆಕ್ಕಿಗರು, ಯಾರದೋ ಅಳಿಯಂದಿರು. ಪಕ್ಕದಲ್ಲಿ ಮಾತ್ರ ಪುಣ್ಯಕ್ಕೆ ಗುರುತಿನವನೊಬ್ಬ ಸಿಕ್ಕಿದ: ಹಳೆಯ ಅಂಪೈರ್ ಜೂರಾಬ್, ದಪ್ಪ ಕುತ್ತಿಗೆಯ ಬಾಯಿಬಡುಕ.

"ಅಯ್ಯೋ ಅಂಜೋರ್! ಬದುಕಿದೀಯಾ ಮಾರಾಯ!" ಎಂದು ಅವನು ಬೆನ್ನಿಗೆ ಗುದ್ದಿದ. "ಇಲ್ಯಾಕೋ ಕೂತೆ, ಬಾಲದಲ್ಲಿ? ಮೇಲಕ್ಕೆ ಹೋಗು. ನೀನೂ ತಂಡದವನೇ ತಾನೆ?"

"ಇರಲಿ ಬಿಡು. ಇಲ್ಲೇ ಗಾಳಿ ಚೆನ್ನಾಗಿದೆ."

"ಗಾಳಿಯಂತೆ! ಅಳಿಯಂದಿರ ಸಾಲಲ್ಲಿ ಕೂತ್ಕೊಂಡು ಗಾಳಿ ಕುಡೀತಾನಂತೆ!" ಎಂದು ಜೂರಾಬ್ ನಕ್ಕು ಅವನ ತಟ್ಟೆಗೆ ಬದನೆಕಾಯಿ ಸುರುಳಿಗಳನ್ನು ಬಡಿಸಿದ. ಒಳಗಿನ ಅಕ್ರೋಟಿನ ಹೂರಣ ಬಾಯಲ್ಲಿ ಮರಳಿನಂತೆ ಸಿಕ್ಕಿಕೊಂಡಿತು. ಮೇಲ್ತುದಿಯಿಂದ ನಗು ಕೇಳಿಬರುತ್ತಿತ್ತು. ಕರೆದ ಮೇಲೆ ಹೋದರೆ ಮರ್ಯಾದೆ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕರೆಯುತ್ತಾನೆ. ದೇವರಿಗೆ ಒಂದು ಬಟ್ಟಲು, ತಾಯ್ನೆಲಕ್ಕೆ ಒಂದು, ಶಾಂತಿಗೆ ಒಂದು, ಹೆತ್ತವರಿಗೆ ಒಂದು. ಗೆಲಾ ಪ್ರತಿ ಸಲ ಎದ್ದು ನಿಂತು ನಿಧಾನವಾಗಿ ಮಾತಾಡುತ್ತಿದ್ದ. ಮಾತು ಮುಗಿಯುವವರೆಗೆ ಯಾರೂ ಬಟ್ಟಲಿಗೆ ತುಟಿ ಹಚ್ಚುವಂತಿಲ್ಲ, ಮಧ್ಯೆ ಬಾಯಿ ಹಾಕುವುದಂತೂ ಹೆತ್ತ ತಾಯಿಗೆ ಎದುರಾಡಿದ ಹಾಗೆ. ಚೀಸ್ ತುಂಬಿದ ಬಿಸಿ ಖಾಚಾಪುರಿ ರೊಟ್ಟಿ ಬಂತು, ಆರಿತು. ಪ್ರತಿ ಬಟ್ಟಲಿಗೂ ಅಂಜೋರನ ಬೆನ್ನು ನೆಟ್ಟಗಾಗುತ್ತಿತ್ತು, ಮತ್ತೆ ಕುಗ್ಗುತ್ತಿತ್ತು.

ಐದನೆಯದಕ್ಕೆ ಗೆಲಾ ಎದ್ದಾಗ ಗಂಡಸರೆಲ್ಲ ತಾವಾಗಿಯೇ ಎದ್ದು ನಿಂತರು; ಫೋನ್ ಮಾಡಿದ್ದ ಹುಡುಗಿ ಖಾಲಿ ತಟ್ಟೆಗಳನ್ನೆತ್ತಿಕೊಂಡು ಒಳಗೆ ಹೋಗಿದ್ದಳು. ಅವನ ಕೈಯಲ್ಲಿ ಒಂದು ತುಂಡು ಬ್ರೆಡ್ ಇದ್ದುದರಿಂದ ಇದು ಹೋದವರ ಬಟ್ಟಲು ಎಂದು ಎಲ್ಲರಿಗೂ ತಿಳಿಯಿತು. ಒಬ್ಬೊಬ್ಬರ ಹೆಸರು ಹೇಳಿ, ಅವರ ಆಟದ ಒಂದೊಂದು ಗುಣ ಹೇಳಿ, ಗೆಲಾ ಬ್ರೆಡ್ಡಿನ ಮೇಲೆ ಒಂದು ಹನಿ ವೈನ್ ಚೆಲ್ಲುತ್ತ ಹೋದ. ಎಲ್ಲರೂ ಹಾಗೇ ಚೆಲ್ಲಿದರು. ಆಮೇಲೆ ಸ್ವಲ್ಪ ತಡೆದು ಹೇಳಿದ:

"ಇನ್ನೊಬ್ಬ ಇದಾನೆ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಅವನ ಹೆಸರೇ ಗೊತ್ತಿಲ್ಲ. ಅದು ನಮ್ಮ ಪಾಪ. ಎಪ್ಪತ್ತಾರರ ತಂಡದ ನಾಲ್ಕನೆಯವನು, ನಮ್ಮ ಅಂಜೋರ್. ಅಂಜೋರ್ ಲೊಮಾಯಾ. ಒಕ್ಕೂಟ ಮುರಿದ ಮೇಲಿನ ಆ ಕತ್ತಲೆ ಚಳಿಗಾಲದಲ್ಲಿ, ಕರೆಂಟಿಲ್ಲ, ಬೆಂಕಿಯಿಲ್ಲ, ಗ್ಲ್ದಾನಿಯ ಮನೇಲಿ ಎದೆಗೆ ಶೀತ ಹಿಡಿದು ಹೋಗ್ಬಿಟ್ಟನಂತೆ. ಮಣ್ಣಿಗೆ ಹೋಗೋದಕ್ಕೂ ನಮಗೆ ಆಗ್ಲಿಲ್ಲ."

ಅಂಜೋರನ ಕತ್ತು ಬೆಳಿಗ್ಗೆ ಕಲಿಸಿದಂತೆಯೇ ಬಾಗಿತು. ಎಲ್ಲರ ಕತ್ತೂ ಬಾಗಿದ್ದುದರಿಂದ ಅದು ಯಾರಿಗೂ ಕಾಣಲಿಲ್ಲ. ಒಂದು ಕ್ಷಣ ಅವನಿಗೆ ಸಂತೋಷವೇ ಆಯಿತು. 'ನಮ್ಮ ಅಂಜೋರ್.' ನಲವತ್ತು ವರ್ಷ ಕಾದ ಮಾತು ಕಿವಿಗೆ ಬಿದ್ದಿತ್ತು, ಕಾದದ್ದಕ್ಕಿಂತ ಚೆನ್ನಾಗಿಯೇ ಬಿದ್ದಿತ್ತು. ಆಮೇಲಷ್ಟೇ ಉಳಿದ ಮಾತುಗಳು ಒಂದೊಂದಾಗಿ ಇಳಿದವು. ಆ ಚಳಿಗಾಲ, ಆ ಮನೆ, ಆ ಶೀತ ಎಲ್ಲ ನಿಜ. ಸತ್ತದ್ದು ಅವನಲ್ಲ, ನೇಲಿ. ಸೀಮೆಎಣ್ಣೆ ಒಲೆಯ ಹೊಗೆಯಲ್ಲಿ ಅವಳು ಕೆಮ್ಮುತ್ತಿದ್ದಳು, ಅವನು ಎರಡು ಕೋಟು, ಒಂದು ಕಂಬಳಿ ಹೊದಿಸಿ ಕೂತಿದ್ದ. ಸುದ್ದಿ ಊರು ದಾಟುವಷ್ಟರಲ್ಲಿ ಹೆಂಡತಿ ಗಂಡನಾಗಿಬಿಟ್ಟಿದ್ದಳು. ಯಾರೂ ವಿಚಾರಿಸಿರಲಿಲ್ಲ. ಈಗ ಈ ಮೇಜಿನಲ್ಲಿ ನೇಲಿಯ ಸಾವನ್ನೂ ತಾನೇ ಕದ್ದಂತಾಯಿತಲ್ಲ ಎಂದು ಅವನಿಗೆ ಅನ್ನಿಸಿತು.

ಪಕ್ಕದಲ್ಲಿ ಜೂರಾಬ್ ಬಟ್ಟಲು ಹಿಡಿದುಕೊಂಡು ಕಲ್ಲಾಗಿದ್ದ. "ಅಂಜೋರ್," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ, "ಹೇಳೋ. ಹೇಳ್ಬಿಡೋ. ನೀನು ಹೇಳ್ತೀಯೋ ನಾನು ಹೇಳ್ಲೋ?"

ಅಂಜೋರ್ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕೆಳಗೆ ಒತ್ತಿದ. ಗೆಲಾ ಇನ್ನೂ ಮಾತಾಡುತ್ತಿದ್ದ.

"ಚಿಲಿಗೆ ಹೋಗೋ ಹಾಗಿಲ್ಲ ಅಂತ ನಾನೇ ಹುಡುಗರಿಗೆ ಹೇಳ್ಬೇಕಾಯ್ತು, ಊಟದ ಮನೇಲಿ. ಒಬ್ಬ ಬೈದ. ಒಬ್ಬ ತಟ್ಟೆ ಒಡೆದ. ಇನ್ನೊಬ್ಬ ಎದ್ದು ಹೋದ. ಇವನು ಒಬ್ಬನೇ ಎರಡು ಕೈಯಲ್ಲಿ ಮುಖ ಮುಚ್ಕೊಂಡು ಮಗು ಥರ ಅತ್ಬಿಟ್ಟ. ಅವತ್ತು ನನಗೆ ಗೊತ್ತಾಯ್ತು, ನಮ್ಮಲ್ಲಿ ಆಟಾನ ನಿಜವಾಗಿ ಪ್ರೀತಿಸಿದವನು ಇವನೊಬ್ಬನೇ ಅಂತ. ಅವನು ಇಳಿದಿದ್ರೆ ಗೆಲ್ತಿದ್ದ. ನಾನು ಸಾಯೋವರೆಗೂ ಇದನ್ನ ಹೇಳ್ತೀನಿ."

ಅತ್ತದ್ದು ನಿಜ. ಅಂಗೈಗಳ ಕತ್ತಲಲ್ಲಿ ಬಿಸಿ ಕಣ್ಣೀರು ಬೆರಳ ಸಂದಿಯಿಂದ ಸೂಪಿನ ತಟ್ಟೆಗೆ ತೊಟ್ಟಿಕ್ಕಿತ್ತು. ಅದು ದುಃಖವಾಗಿರಲಿಲ್ಲ. ಆಡಬೇಕಾಗಿಲ್ಲ, ಎರಡನೇ ಚೆಂಡನ್ನು ಮೇಲಕ್ಕೆ ಎಸೆಯಬೇಕಾಗಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ, ಎಂದೆಂದಿಗೂ ಗೊತ್ತಾಗುವುದಿಲ್ಲ ಎಂಬ ನಿರಾಳ ಅವನ ಮೈಯನ್ನು ಹಿಡಿದು ಅಲ್ಲಾಡಿಸಿತ್ತು. ಅಷ್ಟು ಸುಖ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಗೆಲಾ ಬಂದು ಭುಜದ ಮೇಲೆ ಕೈಯಿಟ್ಟಿದ್ದ. ಆ ಕೈಯ ಭಾರಕ್ಕೆ ಇನ್ನಷ್ಟು ಅಳು ಬಂದಿತ್ತು. ಅದೇ ರಾತ್ರಿ ಹಾಸಿಗೆಯಲ್ಲಿ ಮಲಗಿ, ಇನ್ನು ಮುಂದೆ ತನಗೆ ಏನೂ ಆಗುವುದಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು. ಹಾಗೆಯೇ ಆಯಿತು. ಏನೂ ಆಗಲಿಲ್ಲ.

ಗೆಲಾ ಬ್ರೆಡ್ಡಿನ ಮೇಲೆ ಹನಿ ಚೆಲ್ಲಿದ. ಮೇಜಿನುದ್ದಕ್ಕೂ ಎಲ್ಲರೂ ಅಂಜೋರ್ ಲೊಮಾಯಾನಿಗಾಗಿ ಹನಿ ಚೆಲ್ಲಿದರು. ಅಂಜೋರನೂ ಚೆಲ್ಲಿದ. ಹನಿಗಿಂತ ಜಾಸ್ತಿಯೇ ಬಿತ್ತು.

"ಈ ಬಟ್ಟಲನ್ನ ಒಬ್ಬರಿಗೆ ದಾಟಿಸ್ಬೇಕು," ಎಂದ ಗೆಲಾ. ತಮಾದಾ ಹೇಳಿದ ಮಾತನ್ನು ಇನ್ನೊಬ್ಬರು ಮುಂದುವರಿಸಲೇಬೇಕು, ಒಲ್ಲೆ ಎನ್ನುವಂತಿಲ್ಲ. "ಕೊನೇಲಿ, ಜೂರಾಬನ ಪಕ್ಕ ಒಬ್ಬರು ಬಂದಾಗಿನಿಂದ ಒಂದು ಮಾತೂ ಆಡದೆ ಕೂತಿದಾರೆ. ನನಗೆ ಕಣ್ಣು ಕಾಣ್ಸಲ್ಲ, ಆದರೆ ಮೌನ ಕೇಳ್ಸತ್ತೆ. ಅಲಾವೆರ್ದಿ ನಿಮಗೆ ಬಾತೋನೊ. ಅಂಜೋರನ ಮೇಲೆ ಎರಡು ಮಾತು ಹೇಳಿ."

ಮೇಜಿನ ಎಲ್ಲ ಮುಖಗಳೂ ಅವನ ಕಡೆ ತಿರುಗಿದವು. ಪ್ರಪಂಚ ಉಸಿರು ಬಿಗಿಹಿಡಿಯಿತು. ಮೊಣಕೈ ಕೊರಡಾಯಿತು. ನಾನೇ ಅಂಜೋರ್ ಎನ್ನಬಹುದಿತ್ತು. ಎಂದರೆ ಮೊದಲು ಒಂದು ಗಲಿಬಿಲಿ, ಆಮೇಲೆ ನಗು, ಅಪ್ಪುಗೆ, ಮುತ್ತು. ಸತ್ತವನೆಂದುಕೊಂಡವನು ಬದುಕಿದ್ದರೆ ಆಯುಸ್ಸು ಜಾಸ್ತಿ ಎಂದು ಯಾರಾದರೂ ಹೇಳುತ್ತಾರೆ. ಅದಾದ ಮೇಲೆ ಯಾರೋ ಒಬ್ಬ ಅಳಿಯ ಕೇಳುತ್ತಾನೆ: ಹೌದಾ, ಯಾವ ಪಂದ್ಯ ಆಡಿದ್ರಿ? ಎಪ್ಪತ್ತು ಮುಟ್ಟುತ್ತಿರುವ, ಗ್ಲ್ದಾನಿಯ, ಬೆವರಿದ ಅಂಗೈಯ ಈ ಮುದುಕನ ಮುಂದೆ, ಇಳಿದಿದ್ದರೆ ಗೆಲ್ಲುತ್ತಿದ್ದ ಆ ಹುಡುಗ ಒಂದು ಗಳಿಗೆಯೂ ಬಾಳುವುದಿಲ್ಲ.

"ಒಳ್ಳೇ ಹುಡುಗ," ಎಂದ ಅಂಜೋರ್. ದನಿ ಬೇರೆ ಯಾರದೋ ಆಗಿತ್ತು. "ದೇವರು ಅವನ ಆತ್ಮಕ್ಕೆ ಶಾಂತಿ ಕೊಡಲಿ."

"ಕೊಡಲಿ," ಎಂದಿತು ಮೇಜು. ಎಲ್ಲರೂ ಕುಡಿದರು.

"ಅವನ ಆಟ ನೋಡಿದ್ರಾ ನೀವು?" ಎಂದು ಗೆಲಾ ಆಸೆಯಿಂದ ಕೇಳಿದ.

"ನೋಡಿದ್ದೆ. ಮೊದಲನೇ ಸರ್ವ್ ಸಿಡಿಲು."

"ಸಿಡಿಲೇ!" ಎಂದು ಗೆಲಾ ಪೊರೆಗಣ್ಣು ಒರೆಸಿಕೊಂಡ. "ನೋಡಿದ್ರಾ, ಒಬ್ಬರಾದ್ರೂ ನೆನಪಿಟ್ಟಿದಾರೆ."

ಜೂರಾಬ್ ಅವನ ಕಡೆ ನೋಡಲಿಲ್ಲ. ಮೊದಲೆಲ್ಲ ಅಷ್ಟು ಮಾತಾಡಿದವನು ಈಗ ತಟ್ಟೆಯ ಮೀನನ್ನು ತಿನ್ನದೆ ಕೆದಕುತ್ತಿದ್ದ; ಕುರ್ಚಿಯನ್ನೂ ಒಂದಿಷ್ಟು ಆಚೆ ಸರಿಸಿಕೊಂಡ ಹಾಗಿತ್ತು. ಇದ್ದಕ್ಕಿದ್ದಂತೆ ಅಂಜೋರನಿಗೆ ಬಹಳ ಹಸಿವಾಯಿತು. ಆರಿದ ಖಾಚಾಪುರಿಯನ್ನು ಹರಿದು ಗಬಗಬ ತಿಂದ. ಹೆಣ್ಣುಮಕ್ಕಳು ಬಟ್ಟಲುಗಳನ್ನು ಮತ್ತೆ ತುಂಬಿದರು. ಹೋದವರ ಬಟ್ಟಲಾದ ಮೇಲೆ ಇರುವವರದು ಬರಬೇಕು, ಇಲ್ಲದಿದ್ದರೆ ಮೇಜಿಗೆ ಒಳ್ಳೆಯದಲ್ಲ. ಗೆಲಾನ ದನಿ ಈ ಸಲ ಎತ್ತರದಲ್ಲಿತ್ತು, ಹದಿನೆಂಟರ ಹುಡುಗನ ಹಾಗೆ.

"ಸಾಕು ಅತ್ತಿದ್ದು! ಇದು ಜೀವಕ್ಕೆ. ನಮ್ಮ ತಂಡದಲ್ಲಿ ಇನ್ನೂ ಉಸಿರಾಡ್ತಾ ಇರೋರಿಗೆ. ಹೆಸರು ಕರೆದ ಹಾಗೆ ಎದ್ದು ನಿಂತ್ಕೊಳ್ಳಿ, ಜನ ನೋಡ್ಲಿ!"

ಒಬ್ಬನ ಹೆಸರು ಕರೆದ. ಅರವತ್ತರ ದಶಕದವನು ಮೊಣಕಾಲು ಹಿಡಿದುಕೊಂಡು ಎದ್ದ, ಚಪ್ಪಾಳೆ. ಇನ್ನೊಬ್ಬ ಎದ್ದ. ಮತ್ತೊಬ್ಬ ಎದ್ದು ಬಟ್ಟಲನ್ನು ತಲೆಯ ಮೇಲೆತ್ತಿದ. ಯಾರೋ ಸಿಳ್ಳೆ ಹಾಕಿದರು. ಮೂವರೂ ನಿಂತರು. ಗೆಲಾ ಬಟ್ಟಲನ್ನು ಇನ್ನೂ ಎತ್ತಿರಲಿಲ್ಲ. ಕಾಣದ ಕಣ್ಣುಗಳನ್ನು ಮೇಜಿನ ಆ ತುದಿಯಿಂದ ಈ ತುದಿಯವರೆಗೆ ಹೊರಳಿಸಿದ.

"ನನ್ನ ನೆನಪಿಗೂ ವಯಸ್ಸಾಯ್ತು. ಯಾರನ್ನಾದ್ರೂ ಬಿಟ್ಟಿದೀನೇನೋ? ನಮ್ಮ ತಂಡದವರು ಇನ್ಯಾರಾದ್ರೂ ಇದೀರೇನಪ್ಪಾ ಇಲ್ಲಿ?"

ಚಪ್ಪರದ ಕೆಳಗೆ ಜನ ಕತ್ತು ತಿರುಗಿಸಿ ಅತ್ತಿತ್ತ ನೋಡಿದರು. ಅಂಜೋರ್ ಲೊಮಾಯಾನೂ ಎಲ್ಲರ ಹಾಗೆಯೇ ಕತ್ತು ತಿರುಗಿಸಿ, ಯಾರಾದರೂ ಏಳುತ್ತಾರೇನೋ ಎಂದು ಮೇಜಿನುದ್ದಕ್ಕೂ ನೋಡಿದ. ಯಾರೂ ಏಳಲಿಲ್ಲ.